ಥ್ರೆಡ್ ಕೂತರೆ ಸಾಕೇ? ಬೈಕಿಗೆ ಸರಿಯಾದ ಆಯಿಲ್ ಫಿಲ್ಟರ್ ಆರಿಸುವುದು ಹೇಗೆ

"ಶೋರೂಂನಲ್ಲಿ ಆಯಿಲ್ ಫಿಲ್ಟರ್‌ಗೆ ಸುಮ್ಮನೆ ದುಡ್ಡು ಸುರಿಯಬೇಡಿ. ಥ್ರೆಡ್ ಕೂತರೆ ಕಾರಿನ ಫಿಲ್ಟರ್ ಕೂಡ ಬೈಕಿಗೆ ಆಗುತ್ತದೆ. ದೊಡ್ಡದಿರುವುದರಿಂದ ಇನ್ನೂ ಚೆನ್ನಾಗಿ ಸೋಸುತ್ತದೆ." ಈ ಧಾಟಿಯ ಸಲಹೆ ಬೈಕ್ ಓಡಿಸುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ತಿರುಗುತ್ತಿರುತ್ತದೆ. ಅದರ ಬೆನ್ನಿಗೇ "ಪೇಪರ್ ಫಿಲ್ಟರನ್ನು ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕಿ, ಹೊಸದರಂತೆ ಆಗುತ್ತದೆ" ಎಂಬ ಇನ್ನೊಂದು ಸಲಹೆಯೂ ಬರುತ್ತದೆ.

ಎರಡರಲ್ಲೂ ಸ್ವಲ್ಪ ನಿಜ ಇದೆ, ತೊಂದರೆ ಇರುವುದೂ ಅಲ್ಲೇ. ಬೇರೆ ಬೇರೆ ಕಂಪನಿಗಳ ಬೈಕುಗಳಿಗೆ ಒಂದೇ ಫಿಲ್ಟರ್ ಹೊಂದುವುದು ನಿಜ. ಉದಾಹರಣೆಗೆ, ಕೆ ಆ್ಯಂಡ್ ಎನ್ ಕಂಪನಿಯ 204 ನಂಬರಿನ ಫಿಲ್ಟರ್ ಹೋಂಡಾ, ಕವಾಸಾಕಿ, ಯಮಹಾ, ಟ್ರಯಂಫ್‌ಗಳ ಹಲವು ದೊಡ್ಡ ಬೈಕುಗಳಿಗೆ ಆಗುತ್ತದೆ. ಆದರೆ ಆ ಪಟ್ಟಿಯನ್ನು ತಯಾರಕರು ಎಂಜಿನ್ ನೋಡಿ ಮಾಡಿರುತ್ತಾರೆ. ತಿರುಗಿಸಿ ನೋಡಿದೆ, ಕೂತಿತು ಎನ್ನುವುದು ಬೇರೆಯೇ ಮಾತು.

ಮೊದಲ ಪ್ರಶ್ನೆ: ನಿಮ್ಮ ಗಾಡಿಯಲ್ಲಿ ಫಿಲ್ಟರ್ ಇದೆಯೇ?

ಇದು ತಮಾಷೆಯ ಪ್ರಶ್ನೆಯಲ್ಲ. ಹೀರೋ ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಬದಲಾಯಿಸುವ ಪೇಪರ್ ಫಿಲ್ಟರ್ ಇಲ್ಲ. ಅಲ್ಲಿರುವುದು ತಂತಿಯ ಜಾಲರಿ ಮತ್ತು ಗಿರಗಿರ ತಿರುಗುತ್ತಾ ಕಸವನ್ನು ಅಂಚಿಗೆ ಎಸೆಯುವ ಒಂದು ಬಟ್ಟಲು. ಮಜ್ಜಿಗೆ ಕಡೆದಾಗ ಬೆಣ್ಣೆ ಬೇರೆಯಾಗುವಂತೆ ಇಲ್ಲಿ ಭಾರದ ಲೋಹದ ಪುಡಿ ಗೋಡೆಗೆ ಅಂಟಿಕೊಳ್ಳುತ್ತದೆ. ಹೋಂಡಾ ಆ್ಯಕ್ಟಿವಾದಲ್ಲಿ ಇರುವುದೂ ಜಾಲರಿಯೇ. ಇವನ್ನು ತೊಳೆದು ಮತ್ತೆ ಹಾಕುವುದೇ ಸರಿಯಾದ ಕ್ರಮ. ಸ್ಪ್ಲೆಂಡರ್‌ಗೆ "ಹೊಸ ಆಯಿಲ್ ಫಿಲ್ಟರ್" ಎಂದು ಯಾರಾದರೂ ಬಿಲ್ ಹಾಕಿದರೆ ಯಾವ ಭಾಗ, ಎಲ್ಲಿ ಹಾಕಿದಿರಿ ಎಂದು ಕೇಳಿ. ತೊಳೆದು ಹಾಕುವ ಸಲಹೆಯ ಮೂಲವೂ ಬಹುಶಃ ಇಂಥ ಗಾಡಿಗಳೇ. ಎರಕದ ಕಬ್ಬಿಣದ ಎಂಜಿನ್ ಇದ್ದ ಹಳೆಯ ಬುಲೆಟ್‌ನಲ್ಲಂತೂ ಉಣ್ಣೆಯ ಕಂಬಳಿಯಂಥ ಬಟ್ಟೆಯ ಫಿಲ್ಟರ್ ಇತ್ತು, ಅದನ್ನೂ ತೊಳೆಯುತ್ತಿದ್ದರು.

ಪೇಪರ್ ಫಿಲ್ಟರ್ ಕಥೆ ಬೇರೆ. ಮಡಿಕೆ ಮಡಿಕೆಯಾಗಿ ಜೋಡಿಸಿದ ಆ ಕಾಗದ ಸುಮಾರು 10ರಿಂದ 30 ಮೈಕ್ರಾನ್ ಗಾತ್ರದ ಕಣಗಳನ್ನು ಹಿಡಿಯುವಂಥದ್ದು. ನಮ್ಮ ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ನಾರಿನ ಒಳಗೆ ಸಿಕ್ಕಿಕೊಂಡ ಇಷ್ಟು ಸಣ್ಣ ಪುಡಿ ಪೆಟ್ರೋಲ್‌ನಲ್ಲಿ ಅದ್ದಿ ಅಲ್ಲಾಡಿಸಿದರೆ ಹೋಗುವುದಿಲ್ಲ. ಅದರ ಬದಲು ಹೊರಗಿದ್ದ ಕೊಳೆ ತೊಳೆಯುವಾಗ ಒಳಬದಿಗೆ ಸೇರುತ್ತದೆ, ಅಂದರೆ ಸೋಸಿದ ಆಯಿಲ್ ಹರಿಯುವ ಬದಿಗೆ. ಅಲ್ಲಿಂದ ನೇರ ಬೇರಿಂಗ್‌ಗೆ. ಕಾಗದವನ್ನು ಹಿಡಿದಿರುವ ಅಂಟು ಸಡಿಲವಾಗುವ ಸಾಧ್ಯತೆಯೂ ಇದೆ. ಪೇಪರ್ ಫಿಲ್ಟರನ್ನು ತೊಳೆಯಬೇಡಿ.

ಬೈಕಿನ ಆಯಿಲ್ ಬೇಗ ಕೊಳೆಯಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಾರಿನಲ್ಲಿ ಎಂಜಿನ್‌ಗೆ ಒಂದು ಆಯಿಲ್, ಗೇರ್‌ಬಾಕ್ಸ್‌ಗೆ ಇನ್ನೊಂದು. ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟ್ ಸವೆದ ಪುಡಿ, ಗೇರ್ ಹಲ್ಲಿನ ಲೋಹದ ಪುಡಿ ಎಲ್ಲವೂ ಆ ಪುಟ್ಟ ಫಿಲ್ಟರಿಗೇ ಬರುತ್ತದೆ.

20 ಮಿಲಿಮೀಟರ್ ಮತ್ತು 19.05 ಮಿಲಿಮೀಟರ್

ಬದಲಾಯಿಸುವ ಫಿಲ್ಟರ್‌ಗಳಲ್ಲಿ ಎರಡು ಬಗೆ. ಎಂಜಿನ್‌ನ ಮುಚ್ಚಳ ಬಿಚ್ಚಿ ಒಳಗೆ ಕೂರಿಸುವ ಕಾಗದದ ಉಂಡೆ ಒಂದು. ಹೊರಗಿನಿಂದ ತಿರುಗಿಸಿ ಬಿಗಿಯುವ ತಗಡಿನ ಡಬ್ಬಿ ಇನ್ನೊಂದು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಕೆಟಿಎಂ ಡ್ಯೂಕ್ 390 ಮೊದಲನೆಯ ಗುಂಪಿಗೆ ಸೇರುತ್ತವೆ. ಇಂಟರ್‌ಸೆಪ್ಟರ್ 650ಯದ್ದು ಡಬ್ಬಿ. "ಥ್ರೆಡ್ ಕೂತರೆ ಸಾಕು" ಎಂಬ ಫಾರ್ವರ್ಡ್ ಹೇಳುವುದು ಈ ಡಬ್ಬಿಯ ವಿಷಯವನ್ನೇ, ದೊಡ್ಡ ಅಪಾಯ ಇರುವುದೂ ಇದರಲ್ಲೇ.

ಜಪಾನಿ ಬೈಕುಗಳ ಡಬ್ಬಿ ಫಿಲ್ಟರ್‌ನಲ್ಲಿ ಹೆಚ್ಚಾಗಿ ಇರುವುದು ಎಂ20 × 1.5 ಎಂಬ ಥ್ರೆಡ್. ಅಂದರೆ 20 ಮಿಲಿಮೀಟರ್ ಅಗಲ, ಒಂದು ಸುತ್ತಿನಿಂದ ಇನ್ನೊಂದಕ್ಕೆ 1.5 ಮಿಲಿಮೀಟರ್. ಅನೇಕ ಕಾರುಗಳಲ್ಲಿ ಮತ್ತು ಹಾರ್ಲೆ-ಡೇವಿಡ್‌ಸನ್‌ನ ದೊಡ್ಡ ವಿ-ಟ್ವಿನ್ ಎಂಜಿನ್‌ಗಳಲ್ಲಿ ಇರುವುದು ಮುಕ್ಕಾಲು ಇಂಚಿನ ಥ್ರೆಡ್, ಇಂಚಿಗೆ 16 ಸುತ್ತು. ಮಿಲಿಮೀಟರ್ ಲೆಕ್ಕದಲ್ಲಿ 19.05 ಅಗಲ, 1.5875 ಅಂತರ. ಕಣ್ಣಿಗೆ ಎರಡೂ ಒಂದೇ. ಕೈಗೆ ಕೂಡ ಹೆಚ್ಚುಕಡಿಮೆ ಒಂದೇ.

ಮುಕ್ಕಾಲು ಇಂಚಿನ ಸ್ಟಡ್ ಮೇಲೆ ಎಂ20 ಫಿಲ್ಟರ್ ತಿರುಗಿಸಿದರೆ ಅದು ಸಲೀಸಾಗಿ ಹೋಗುತ್ತದೆ, ಕೊನೆಯಲ್ಲಿ ರಬ್ಬರ್ ವಾಷರ್ ಒತ್ತಿದಾಗ ಬಿಗಿಯಾದಂತೆಯೂ ಅನಿಸುತ್ತದೆ. ಆದರೆ ಥ್ರೆಡ್‌ನ ಹಲ್ಲುಗಳು ಕಚ್ಚಬೇಕಾದ ಆಳದ ಅರ್ಧದಷ್ಟೂ ಕಚ್ಚಿರುವುದಿಲ್ಲ. ಒಂದು ಸಣ್ಣ ಲೆಕ್ಕ ನೋಡಿ. ವಾಷರ್‌ನ ಅಗಲ 6 ಸೆಂಟಿಮೀಟರ್ ಎಂದುಕೊಂಡರೆ ಒಳಗಿನ ವಿಸ್ತೀರ್ಣ ಸುಮಾರು 28 ಚದರ ಸೆಂಟಿಮೀಟರ್. ಆಯಿಲ್ ಒತ್ತಡ 4 ಬಾರ್ ಇದ್ದರೆ ಡಬ್ಬಿಯನ್ನು ಹೊರಗೆ ನೂಕುವ ಬಲ 110 ಕಿಲೋಗೂ ಹೆಚ್ಚು ಭಾರಕ್ಕೆ ಸಮ. ಒಂದು ಕ್ವಿಂಟಲ್ ಅಕ್ಕಿ ಮೂಟೆಯನ್ನು ಅರೆಕಚ್ಚಿದ ಥ್ರೆಡ್‌ಗೆ ನೇತುಹಾಕಿದ ಹಾಗೆ. ಚಳಿಯ ಬೆಳಗ್ಗೆ ಆಯಿಲ್ ಗಟ್ಟಿಯಾಗಿರುವಾಗ ಒತ್ತಡ ಇನ್ನೂ ಏರುತ್ತದೆ.

ಡಬ್ಬಿ ಸಡಿಲವಾದರೆ ಕೆಲವೇ ಕ್ಷಣದಲ್ಲಿ ಎಂಜಿನ್‌ನ ಆಯಿಲ್ ಎಲ್ಲಾ ಹೊರಗೆ. ಎಂಜಿನ್ ಸೀಜ್ ಆಗುವುದು ಇದರ ಒಂದು ಫಲ, ಅದು ದುಡ್ಡಿನ ನಷ್ಟ. ಅದಕ್ಕಿಂತ ಕೆಟ್ಟದ್ದು, ಬಿಸಿ ಆಯಿಲ್ ಹಿಂದಿನ ಟಯರ್ ಮೇಲೆ ಚೆಲ್ಲುವುದು. ಚಾರ್ಮಾಡಿಯಂಥ ಘಾಟಿಯ ತಿರುವಿನಲ್ಲಿ ಬೈಕ್ ವಾಲಿಸಿರುವಾಗ ಅದಾದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ.

ಇದಕ್ಕೆ ತಿರುಗುಮುರುಗಾಗಿ, ಎಂ20 ಸ್ಟಡ್‌ಗೆ ಮುಕ್ಕಾಲು ಇಂಚಿನ ಫಿಲ್ಟರ್ ಸುಲಭವಾಗಿ ಹೋಗುವುದಿಲ್ಲ. ಬಲ ಹಾಕಿದರೆ ಥ್ರೆಡ್ ಕೆಡುತ್ತದೆ. ಒಂದೆರಡು ಸುತ್ತಿನಲ್ಲೇ ಗಟ್ಟಿಯಾದರೆ ಅಲ್ಲೇ ನಿಲ್ಲಿಸಿ, ಪಾನಾ ತರಬೇಡಿ.

ಥ್ರೆಡ್ ಸರಿ ಇದ್ದರೂ ಸಾಲದು

ಅಳತೆ ಎಲ್ಲಾ ಹೊಂದಿದ ಎರಡು ಫಿಲ್ಟರ್‌ಗಳ ಒಳಗು ಬೇರೆ ಬೇರೆ ಇರಬಹುದು. ಮುಖ್ಯವಾದದ್ದು ಬೈಪಾಸ್ ವಾಲ್ವ್. ಫಿಲ್ಟರ್ ಕಟ್ಟಿಕೊಂಡಾಗ, ಇಲ್ಲವೇ ತಣ್ಣಗಿನ ಆಯಿಲ್ ಕಾಗದದ ಮೂಲಕ ಬೇಗ ಹಾಯದಿದ್ದಾಗ, ಈ ವಾಲ್ವ್ ತೆರೆದು ಆಯಿಲ್‌ಗೆ ಅಡ್ಡದಾರಿ ಕೊಡುತ್ತದೆ. ಸೋಸದ ಆಯಿಲ್ ಕೆಟ್ಟದ್ದೇ, ಆದರೆ ಆಯಿಲ್ಲೇ ಇಲ್ಲದಿರುವುದು ಇನ್ನೂ ಕೆಟ್ಟದ್ದು.

ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಎಂಜಿನ್ ಒಳಗೇ ಇರುತ್ತದೆ, ಕೆಲವಕ್ಕೆ ಫಿಲ್ಟರ್‌ನಲ್ಲಿ ಇರಬೇಕು. ಎರಡೂ ಕಡೆ ಇಲ್ಲದ ಜೋಡಿ ಮಾಡಿಬಿಟ್ಟರೆ, ಫಿಲ್ಟರ್ ಕಟ್ಟಿಕೊಂಡ ದಿನ ಒಂದೋ ಆಯಿಲ್ ಹರಿವು ಕುಸಿಯುತ್ತದೆ, ಇಲ್ಲವೇ ಕಾಗದ ಹರಿದು ಅದರ ಚೂರುಗಳೇ ಎಂಜಿನ್ ಒಳಗೆ ಹೋಗುತ್ತವೆ. ಇನ್ನು ವಾಲ್ವ್ ಯಾವ ಒತ್ತಡಕ್ಕೆ ತೆರೆಯಬೇಕು ಎಂಬುದನ್ನು ಆಯಾ ಎಂಜಿನ್‌ನ ಪಂಪ್ ನೋಡಿ ನಿಗದಿ ಮಾಡಿರುತ್ತಾರೆ. ಎಂಟು ಹತ್ತು ಸಾವಿರ ಆರ್‌ಪಿಎಂ ತಿರುಗುವ ಬೈಕಿಗೆ ನಿಧಾನವಾಗಿ ತಿರುಗುವ ಕಾರಿನ ಫಿಲ್ಟರ್ ಹಾಕಿದರೆ ಅದು ಬೇಡದ ಹೊತ್ತಿಗೆ ತೆರೆದು, ಸೋಸದ ಆಯಿಲನ್ನು ಬಿಡುತ್ತಿರಬಹುದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೇರಿಂಗ್ ಮಾತ್ರ ಸದ್ದಿಲ್ಲದೆ ಸವೆಯುತ್ತದೆ.

ಫಿಲ್ಟರ್ ಅಡ್ಡಲಾಗಿ ಇಲ್ಲವೇ ತಲೆಕೆಳಗಾಗಿ ಕೂರುವ ಎಂಜಿನ್‌ಗಳಲ್ಲಿ ಇನ್ನೊಂದು ವಾಲ್ವ್ ಬೇಕಾಗುತ್ತದೆ. ಗಾಡಿ ನಿಂತಾಗ ಫಿಲ್ಟರ್‌ನಲ್ಲಿರುವ ಆಯಿಲ್ ಕೆಳಗಿಳಿಯದಂತೆ ಅದು ತಡೆಯುತ್ತದೆ. ಅದಿಲ್ಲದಿದ್ದರೆ ಪ್ರತಿ ಬಾರಿ ಸ್ಟಾರ್ಟ್ ಮಾಡಿದಾಗ ಕೆಲವು ಕ್ಷಣ ಲೋಹಕ್ಕೆ ಲೋಹ ಉಜ್ಜುತ್ತದೆ. "ದೊಡ್ಡದು" ಎಂದು ಹೊಗಳುವ ಕಾರಿನ ಡಬ್ಬಿ ಬೈಕಿನ ಸೈಲೆನ್ಸರ್ ಪೈಪಿಗೆ ತಾಗುವುದು, ಕೆಳಗೆ ಜೋತು ಹಂಪ್‌ಗೆ ಬಡಿಯುವುದು ಬೇರೆ.

ಹೆಸರು ಒಂದೇ, ಎಂಜಿನ್ ಬೇರೆ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿರಲಿ, ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಿರಲಿ, "ಅಣ್ಣಾ, ಕ್ಲಾಸಿಕ್ 350ಗೆ ಫಿಲ್ಟರ್ ಕೊಡಿ" ಎಂದಷ್ಟೇ ಹೇಳಬೇಡಿ. 2021ರ ಸೆಪ್ಟೆಂಬರ್‌ನಲ್ಲಿ ಕ್ಲಾಸಿಕ್ 350ಗೆ ಪೂರ್ತಿ ಹೊಸ ಎಂಜಿನ್ ಬಂತು. ಅದಕ್ಕೂ ಹಿಂದಿನದಕ್ಕೂ ಹೆಸರು ಬಿಟ್ಟರೆ ಎಂಜಿನ್‌ನಲ್ಲಿ ನಂಟಿಲ್ಲ. ಹಳೆಯದು 346 ಸಿಸಿ, ಹೊಸದು 349 ಸಿಸಿ. ಇದನ್ನು ನಿಮ್ಮ ಆರ್‌ಸಿಯಲ್ಲೇ ನೋಡಬಹುದು. ಡಿಜಿಲಾಕರ್ ಇಲ್ಲವೇ ಎಂಪರಿವಾಹನ್ ಆ್ಯಪ್‌ನಲ್ಲಿ ಆರ್‌ಸಿ ಇದ್ದರೆ ಅಂಗಡಿಯಲ್ಲೇ ತೆರೆದು ತೋರಿಸಿ. ಗಾಡಿ ತಯಾರಾದ ತಿಂಗಳು, ವರ್ಷ, ಚಾಸಿ ನಂಬರ್ ಎಲ್ಲವೂ ಅದರಲ್ಲಿರುತ್ತದೆ. ಕೊಂಡ ವರ್ಷ ಮತ್ತು ತಯಾರಾದ ವರ್ಷ ಬೇರೆ ಇರಬಹುದು ಎಂಬುದು ನೆನಪಿರಲಿ. ಫಿಲ್ಟರ್‌ಗೆ ಬೇಕಿರುವುದು ಎರಡನೆಯದು.

ಎಲ್ಲಕ್ಕಿಂತ ಖಚಿತವಾದದ್ದು ಪಾರ್ಟ್ ನಂಬರ್. ಕಂಪನಿಯ ಭಾಗಗಳ ಕೌಂಟರ್‌ನಲ್ಲಿ ಚಾಸಿ ನಂಬರ್ ಕೊಟ್ಟು ಒಮ್ಮೆ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಬೇರೆ ಬ್ರ್ಯಾಂಡ್ ಕೊಳ್ಳುವುದು ತಪ್ಪೇನಲ್ಲ, ಆದರೆ ಆ ಬ್ರ್ಯಾಂಡ್‌ನ ಸ್ವಂತ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಮತ್ತು ವರ್ಷ ಇರಬೇಕು. ಆನ್‌ಲೈನ್‌ನಲ್ಲಿ ಮಾರುವವರು ಬರೆದುಕೊಂಡ "ಎಲ್ಲಾ 350 ಸಿಸಿ ಬೈಕುಗಳಿಗೂ" ಎಂಬ ಸಾಲು ಪಟ್ಟಿಯಲ್ಲ. ಹಳೆಯ ಫಿಲ್ಟರ್ ತೋರಿಸಿ ಅಂಥದ್ದೇ ಕೇಳುವುದಕ್ಕೂ ಒಂದು ತೊಡಕಿದೆ. ಗಾಡಿ ಸೆಕೆಂಡ್ ಹ್ಯಾಂಡ್ ಆಗಿದ್ದರೆ, ಹಿಂದಿನವರು ಹಾಕಿಸಿದ್ದೇ ತಪ್ಪು ಫಿಲ್ಟರ್ ಇರಬಹುದು.

ಪೊಟ್ಟಣದ ಮೇಲೆ ಎಂಆರ್‌ಪಿ, ತಯಾರಕರ ಹೆಸರು ವಿಳಾಸ, ತಿಂಗಳು ಮತ್ತು ವರ್ಷ, ದೂರು ಕೊಡುವ ಸಂಪರ್ಕ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಇವು ಇಲ್ಲದ ಖಾಲಿ ಪ್ಲಾಸ್ಟಿಕ್ ಕವರ್‌ನ ಫಿಲ್ಟರ್ ಬೇಡ. ಮಡಿಕೆಗಳು ಸೊಟ್ಟಗಿದ್ದರೆ, ಅಂಟು ಬಿಟ್ಟಿದ್ದರೆ, ರಬ್ಬರ್ ಗಟ್ಟಿಯಾಗಿದ್ದರೆ ವಾಪಸ್ ಕೊಡಿ. ಚೆಂದ ಕಂಡ ಮಾತ್ರಕ್ಕೆ ಅಸಲಿ ಎಂದೂ ಅಲ್ಲ, ಬಿಲ್ ಕೇಳಿ ಪಡೆಯಿರಿ.

ಸರಿಯಾದ ಫಿಲ್ಟರನ್ನೂ ತಪ್ಪಾಗಿ ಹಾಕಬಹುದು

ಕಾಗದದ ಉಂಡೆಗೆ ಎರಡು ತುದಿ. ಹಲವು ಮಾಡೆಲ್‌ಗಳಲ್ಲಿ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದರಲ್ಲಿ ತೂತು ಇರುತ್ತದೆ. ಆಯಿಲ್ ಹೊರಗಿನಿಂದ ಒಳಕ್ಕೆ ಸೋಸಿ ಬಂದು ಆ ತೂತಿನಿಂದ ಎಂಜಿನ್‌ಗೆ ಹೋಗಬೇಕು. ತಿರುಗಿಸಿ ಹಾಕಿದರೆ ದಾರಿಯೇ ಮುಚ್ಚಿಹೋಗುತ್ತದೆ. ಹೋಂಡಾದ ಕೆಲವು ಫಿಲ್ಟರ್‌ಗಳ ಮೇಲೆ ಹೊರಬದಿ ಯಾವುದೆಂದು ಇಂಗ್ಲಿಷ್‌ನಲ್ಲಿ ಅಚ್ಚು ಹಾಕಿರುತ್ತಾರೆ. ಇಲ್ಲದಿದ್ದರೆ ಹಳೆಯದನ್ನು ತೆಗೆಯುವ ಮುನ್ನ ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ, ಸ್ಪ್ರಿಂಗ್ ಯಾವ ಕಡೆ ಇತ್ತು ಎಂಬುದೂ ಕಾಣುವಂತೆ. ಓ-ರಿಂಗ್ ಹೊಸದೇ ಹಾಕಿಸಿ.

ಡಬ್ಬಿ ಫಿಲ್ಟರ್‌ನಲ್ಲಿ ಸಾಮಾನ್ಯ ತಪ್ಪು ಇನ್ನೊಂದು. ಹಳೆಯ ರಬ್ಬರ್ ವಾಷರ್ ಎಂಜಿನ್‌ಗೇ ಅಂಟಿಕೊಂಡು ಉಳಿದಿರುತ್ತದೆ, ಅದರ ಮೇಲೆ ಹೊಸದು ಕೂರುತ್ತದೆ. ಗ್ಯಾರೇಜಿನಿಂದ ಹೊರಡುವಾಗ ಸೋರುವುದಿಲ್ಲ, ವೇಗ ಹಿಡಿದಾಗ ಕಿತ್ತುಕೊಳ್ಳುತ್ತದೆ. ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ. ಹೊಸ ವಾಷರ್‌ಗೆ ಸ್ವಲ್ಪ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ವಾಷರ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು. ನಿಮ್ಮ ಗಾಡಿಯ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದೇ ಸರಿ.

ನಂತರ ಎಂಜಿನ್ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಹಾಗೇ ಬಿಡಿ, ರೇಸ್ ಕೊಡಬೇಡಿ. ಫಿಲ್ಟರ್ ಸುತ್ತ ಒಂದು ಬಿಳಿ ಟಿಶ್ಯೂ ಕಾಗದ ಒತ್ತಿ ನೋಡಿದರೆ ಕಣ್ಣಿಗೆ ಕಾಣದ ಜಿನುಗೂ ಗೊತ್ತಾಗುತ್ತದೆ. ಹೊಸ ಫಿಲ್ಟರ್ ತನ್ನೊಳಗೆ ಸ್ವಲ್ಪ ಆಯಿಲ್ ತುಂಬಿಕೊಳ್ಳುವುದರಿಂದ, ಎಂಜಿನ್ ನಿಲ್ಲಿಸಿ ಕೆಲವು ನಿಮಿಷ ಕಾದು ಗಾಡಿಯನ್ನು ನೇರ ನಿಲ್ಲಿಸಿ ಮಟ್ಟ ನೋಡಿ, ಕಡಿಮೆ ಇದ್ದರೆ ಹಾಕಿ. ಮೊದಲ ಹತ್ತಿಪ್ಪತ್ತು ಕಿಲೋಮೀಟರ್ ಊರೊಳಗೇ ಓಡಿಸಿ, ಇನ್ನೊಮ್ಮೆ ಬಗ್ಗಿ ನೋಡಿದ ಮೇಲೆ ಹೈವೇ ಹತ್ತಿ.