ದೇವಗಿರಿಯ ತಾಳ, ಪ್ಯಾರಿಸಿನ ವಿಶ್ವಕೋಶ

ಹಿಂದೂಪುರದಿಂದ ಸುಮಾರು 15 ಕಿಲೋಮೀಟರು ದೂರದ ಲೇಪಾಕ್ಷಿಯಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣನೆಂಬ ರಾಜಾಧಿಕಾರಿಯ ಶ್ರದ್ಧೆಯಿಂದ ಬೆಳೆದು ನಿಂತ ವೀರಭದ್ರ ದೇವಾಲಯದ ನಾಟ್ಯಮಂಟಪವನ್ನು ಹೊಕ್ಕವರಿಗೆ, ಅಲ್ಲಿನ ಕಂಬಗಳೆಲ್ಲ ಕೂಡಿ ಒಂದು ಮಹಾಗೋಷ್ಠಿಯನ್ನು ನಡೆಸುತ್ತಿರುವಂತೆ ತೋರುತ್ತದೆ. ರಂಭೆ ನರ್ತಿಸುತ್ತಾಳೆ, ಬ್ರಹ್ಮನು ಮೃದಂಗವನ್ನು ನುಡಿಸುತ್ತಾನೆ, ತುಂಬುರನು ವೀಣೆಯನ್ನು ಮಿಡಿಯುತ್ತಾನೆ, ಮೂರು ಕಾಲಿನ ಭೃಂಗಿಯು ಹೆಜ್ಜೆಯನ್ನು ಕಲಿಸುತ್ತಾನೆ. ಆಲಯದ ಶಾಸನಗಳಲ್ಲಿ ಬಹುಭಾಗ ಕನ್ನಡದವಾದುದರಿಂದ, ಸೀಮೆ ಇಂದು ಆಂಧ್ರಪ್ರದೇಶಕ್ಕೆ ಸೇರಿದ್ದರೂ, ಕನ್ನಡಿಗನಿಗೆ ತನ್ನ ತವರಿನ ಅಂಗಳದಲ್ಲಿ ನಿಂತ ಭಾವವುಂಟಾಗುತ್ತದೆ. ಆದರೆ ಬ್ರಹ್ಮನು ನುಡಿಸುತ್ತಿರುವ ತಾಳ ಯಾವುದೆಂಬುದನ್ನು ಕಲ್ಲು ಹೇಳದು. ಕೈಯ ಭಂಗಿ ಉಳಿದಿದೆ. ಕಾಲದ ಎಣಿಕೆ ಉಳಿದಿಲ್ಲ. ಆ ಎಣಿಕೆಯನ್ನು ಕಾಯುವ ಭಾರವನ್ನು ಹೊತ್ತದ್ದು ಗ್ರಂಥ.

ಸಕಲ ವಿದ್ಯೆಗಳನ್ನೂ ಒಂದೆಡೆ ಸಂಗ್ರಹಿಸಿಡುವ ವಿಶ್ವಕೋಶದ ಬುದ್ಧಿ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು, ಐದು ವಿಂಶತಿಗಳ ನೂರು ಅಧ್ಯಾಯಗಳಲ್ಲಿ, ರಾಜನೀತಿಯಿಂದ ಪಾಕಶಾಸ್ತ್ರದವರೆಗೆ, ಗಜಪರೀಕ್ಷೆಯಿಂದ ಗೀತವಾದ್ಯನೃತ್ಯಗಳವರೆಗೆ, ಅರಸನಾದವನು ಅರಿಯಬೇಕಾದುದೆಲ್ಲವನ್ನೂ ಹೇಳುತ್ತದೆ. ಮುಂದಿನ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರಗಳ ಶ್ರೀಕರಣಾಧಿಕಾರಿಯಾಗಿದ್ದ ಶಾರ್ಙ್ಗದೇವನು, ಸೋಮೇಶ್ವರನನ್ನೂ ತನ್ನ ಪೂರ್ವಾಚಾರ್ಯರಲ್ಲಿ ಎಣಿಸಿ, ‘ಸಂಗೀತರತ್ನಾಕರ’ವೆಂಬ ಸಪ್ತಾಧ್ಯಾಯಿಯನ್ನು ರಚಿಸಿದನು. ಕನ್ನಡದಲ್ಲಿ ಅಸಂಖ್ಯ ಶಾಸನಗಳನ್ನು ಬರೆಯಿಸಿದ ರಾಜವಂಶದ ಆಶ್ರಯವದು. ಗ್ರಂಥದ ಐದನೆಯ ಅಧ್ಯಾಯವು ತಾಳಕ್ಕೆ ಮೀಸಲು. ಪಂಪನ ಕಾಲದಿಂದಲೂ ನಮಗೆ ಪರಿಚಿತವಾದ ಮಾರ್ಗ–ದೇಶಿಗಳ ವಿಭಾಗವನ್ನೇ ಅಲ್ಲಿಯೂ ಅನುಸರಿಸಿ, ಜನಪದದಲ್ಲಿ ಹಬ್ಬಿದ್ದ 120 ದೇಶೀತಾಳಗಳನ್ನು, ಕರಣಿಕನಿಗೆ ಸಹಜವಾದ ಅಚ್ಚುಕಟ್ಟಿನಿಂದ, ಹೆಸರು–ಮಾತ್ರೆಗಳೊಡನೆ ಶಾರ್ಙ್ಗದೇವನು ದಾಖಲಿಸಿದನು. 15ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಕಲ್ಲಿನಾಥನು ಅದಕ್ಕೆ ‘ಕಲಾನಿಧಿ’ಯೆಂಬ ವ್ಯಾಖ್ಯಾನವನ್ನು ಬರೆದನು.

ಈ ಪಟ್ಟಿ ಕಡಲನ್ನು ದಾಟಿದ್ದು ಇನ್ನೊಂದು ವಿಶ್ವಕೋಶದ ಮೂಲಕ. ಪ್ಯಾರಿಸಿನ ಸಂಗೀತವಿದ್ಯಾಲಯದ ಆಲ್ಬೆರ್ ಲಾವಿನ್ಯಾಕನು 1913ರಲ್ಲಿ ಆರಂಭಿಸಿ, ಆತನ ಮರಣಾನಂತರ ಲಿಯೋನೆಲ್ ದ ಲಾ ಲೊರಾನ್ಸಿಯು ಮುಂದುವರಿಸಿದ ಬೃಹತ್ ಸಂಗೀತಕೋಶದಲ್ಲಿ, ಭಾರತದ ಸಂಗೀತವನ್ನು ಕುರಿತು ಲೇಖನವನ್ನು ಬರೆದವನು ಜೋಆನಿ ಗ್ರೊಸ್ಸೆ. ಈತನು ಅದಕ್ಕೆ ಮೊದಲೇ, 1898ರಲ್ಲಿ, ಭರತನ ನಾಟ್ಯಶಾಸ್ತ್ರದ ಆರಂಭದ ಅಧ್ಯಾಯಗಳನ್ನು ಸಂಪಾದಿಸಿ ಪ್ರಕಟಿಸಿದ್ದ ವಿದ್ವಾಂಸ. ಶಾರ್ಙ್ಗದೇವನ 120 ತಾಳಗಳನ್ನು ಆತನು ಬಿಡದೆ ಪಟ್ಟಿಮಾಡಿದನು. ಸಂಕ್ಷೇಪವೇ ಧರ್ಮವಾದ ಕೋಶದಲ್ಲಿ ಹತ್ತು ಉದಾಹರಣೆಗಳನ್ನು ಕೊಟ್ಟು ಮುಗಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಹಾಗೆ ಮಾಡದಿದ್ದುದೇ ಸಂಗೀತಚರಿತ್ರೆಯ ಭಾಗ್ಯ.

1908ರಲ್ಲಿ ಆವಿನ್ಯೋನ್ ನಗರದಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿನಲ್ಲಿಯೇ ಪ್ಯಾರಿಸಿನ ಆ ವಿದ್ಯಾಲಯವನ್ನು ಸೇರಿದ ಫ್ರೆಂಚ್ ವಾಗ್ಗೇಯಕಾರ ಒಲಿವಿಯೇ ಮೆಸ್ಸಿಯಾನನ ಕಣ್ಣಿಗೆ ಆ ಪುಟಗಳು ಬಿದ್ದುವು. ನಮ್ಮ ತಾಳವನ್ನು ನಮ್ಮ ವಿದ್ವಾಂಸರ ಕೈಯಿಂದ ಕಲಿಯದೆ, ಮುದ್ರಿತ ಚಿಹ್ನೆಗಳಿಂದಲೇ ಆತನು ಅದನ್ನು ತನ್ನದಾಗಿಸಿಕೊಂಡನು. ದ್ವಿತೀಯ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕಿ, ಗೋರ್ಲಿಟ್ಸಿನ ಬಂದೀಶಿಬಿರದಲ್ಲಿದ್ದಾಗ ಪೂರ್ಣಗೊಳಿಸಿ, 1941ರ ಜನವರಿ 15ರಂದು ಸಹಬಂದಿಗಳ ಮುಂದೆ ನುಡಿಸಿದ ‘ಕಾಲಾಂತ್ಯಕ್ಕಾಗಿ ಚತುರ್ವಾದ್ಯ’ ಎಂಬ ಕೃತಿಯ ಮೊದಲನೆಯ ಭಾಗದಲ್ಲಿ, ಪಿಯಾನೋದ ಲಯವೆಲ್ಲ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶವೆಂಬ ಮೂರು ದೇಶೀತಾಳಗಳಿಂದ ಹೆಣೆದದ್ದು. 17 ಕಾಲಪ್ರಮಾಣಗಳ ಆವರ್ತದ ಮೇಲೆ 29 ಸ್ವರಗುಚ್ಛಗಳ ಆವರ್ತವು ಉರುಳುತ್ತ, ಎರಡೂ ಒಂದೇ ಸಮದಲ್ಲಿ ಕೂಡುವ ಮುನ್ನವೇ ಆ ಭಾಗ ಮುಗಿದುಹೋಗುತ್ತದೆ. ಸೆರೆಯಾಳಾದವನು ಕಾಲದ ಅನಂತತೆಯನ್ನು ಸೂಚಿಸಲು ದೇವಗಿರಿಯ ಮಾತ್ರೆಗಳನ್ನು ನೆಚ್ಚಿದನೆಂಬುದನ್ನು ನೆನೆದಾಗ ಮನಸ್ಸು ಆರ್ದ್ರವಾಗುತ್ತದೆ. 1949ರಲ್ಲಿ ಬಾಸ್ಟನ್ ನಗರದಲ್ಲಿ ಮೊದಲು ಕೇಳಿಬಂದ ಆತನ ಮಹಾಕೃತಿಯ ಹೆಸರಾದ ‘ತುರಂಗಲೀಲ’ವೂ ಅದೇ ಪಟ್ಟಿಯ ಒಂದು ತಾಳ. ಗುರು–ಲಘು–ಗುರುವಿನ ಢೇಂಕೀತಾಳವೂ ಅದೇ ಪಟ್ಟಿಯದು. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಅದು ಛಂದಸ್ಸನ್ನು ಕಲಿತ ಕನ್ನಡದ ಬಾಲಕನಿಗೆ ರಗಣವೆಂದು ಪರಿಚಿತ; ಚಿತ್ರಕವಿಗಳ ಗತಪ್ರತ್ಯಾಗತಕ್ಕೂ ಇದಕ್ಕೂ ನಂಟುಂಟು.

ಆದರೆ 1944ರಲ್ಲಿ ಪ್ರಕಟವಾದ ಆತನ ಲಕ್ಷಣಗ್ರಂಥದಲ್ಲಿ ‘ಲಕ್ಷ್ಮೀಶ’ದ ಲಿಪ್ಯಂತರದೊಳಗೆ ಒಂದು ಕಕಾರ ಹೆಚ್ಚಾಗಿ ನುಸುಳಿತು, ಬಳಿಕ ಬರೆದವರು ಅನೇಕರು ಅದನ್ನು ಹಾಗೆಯೇ ಉದ್ಧರಿಸುತ್ತ ಬಂದರು. ನಮ್ಮ ಹಸ್ತಪ್ರತಿಗಳ ಸಂಪಾದಕರು ಬಲ್ಲಂತೆ, ಲಿಪಿಕಾರನ ಸ್ಖಾಲಿತ್ಯವು ಮೂಲದಷ್ಟೇ ದೀರ್ಘಾಯು.

ಮೆಸ್ಸಿಯಾನನು ಮಾಡಿದಂತೆ ಅಕ್ಷರಕ್ಕೆ ಉಸಿರು ತುಂಬುವ ಕಾರ್ಯವನ್ನು ಅದೇ ಶತಮಾನದಲ್ಲಿ ಕೈಗೊಂಡ ಮತ್ತೊಬ್ಬ ಮಹನೀಯರು ಕಲ್ಯಾಣದುರ್ಗದ ಸೀಮೆಯವರು. ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಆ ತಾಲ್ಲೂಕಿನ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಜನಿಸಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1912ರಿಂದ 1949ರವರೆಗೆ ತೆಲುಗನ್ನು ಬೋಧಿಸಿದರು; ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತವನ್ನು ಅಭ್ಯಾಸಮಾಡಿದರು; ಕನ್ನಡಕ್ಕೆ ‘ಗಾನಕಲೆ’ಯನ್ನು ಕೊಟ್ಟರು. ತಿರುಮಲೆಯ ತಾಮ್ರಫಲಕಗಳಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗದ ಹೆಸರಿತ್ತು, ಸ್ವರಲಿಪಿಯಿರಲಿಲ್ಲ. ಶರ್ಮರು ಆ ಹೆಸರನ್ನೇ ಆಧಾರವಾಗಿ ಹಿಡಿದು, ಸಾಹಿತ್ಯದ ಭಾವವನ್ನೂ ರಾಗದ ಪರಂಪರೆಯನ್ನೂ ಬಲ್ಲ ಕಂಠದಿಂದ, ಹಲವು ಕೃತಿಗಳಿಗೆ ಧಾತುವನ್ನು ಹೊಂದಿಸಿದರು. ಕಾಗದದಿಂದ ಪಡೆದ ಮೆಸ್ಸಿಯಾನನಿಗೂ, ತಾಮ್ರದಿಂದ ಪಡೆದ ಶರ್ಮರಿಗೂ ದೊರೆತದ್ದು ಅಸ್ಥಿಪಂಜರ ಮಾತ್ರ. ಇಬ್ಬರೂ ಅದಕ್ಕೆ ಪ್ರಾಣವನ್ನು ತಂದರು. ಶರ್ಮರಿಗೆ ಕಿವಿಯ ಪರಂಪರೆಯ ಬೆಂಬಲವಿತ್ತು, ಮೆಸ್ಸಿಯಾನನಿಗೆ ಗ್ರೊಸ್ಸೆಯ ನಿಷ್ಠೆಯೊಂದೇ ಊರೆಗೋಲಾಗಿತ್ತು.

ಆದುದರಿಂದ ಈ ಫ್ರೆಂಚ್ ವಾಗ್ಗೇಯಕಾರನನ್ನು ಕುರಿತ ವಿಶ್ವಕೋಶದ ಲೇಖನವನ್ನು ತಿದ್ದಲು ಕುಳಿತ ಕನ್ನಡಿಗನಿಗೆ ನನ್ನದೊಂದು ಪ್ರಾರ್ಥನೆಯುಂಟು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಮೊದಲ ಸಂಪುಟವನ್ನು ಹೊರತಂದು, ಹದಿನಾಲ್ಕು ಸಂಪುಟಗಳವರೆಗೆ ಬೆಳೆಸಿದ ಕನ್ನಡ ವಿಶ್ವಕೋಶ ನಮಗೆ ಆ ಕಾರ್ಯದ ಗಾಂಭೀರ್ಯವನ್ನು ಕಲಿಸಿದೆ. ‘ಹಿಂದೂ ಲಯಗಳು’ ಎಂದು ಎರಡೇ ಮಾತಿನಲ್ಲಿ ಮುಗಿಸದೆ, ತಿದ್ದುವವನು ಶಾರ್ಙ್ಗದೇವನ ಹೆಸರನ್ನು ಬರೆಯಲಿ, ದೇವಗಿರಿಯನ್ನು ಬರೆಯಲಿ, ಗ್ರೊಸ್ಸೆಯ ಲೇಖನವನ್ನು ಸ್ಮರಿಸಲಿ, ಲಕ್ಷ್ಮೀಶದ ಅಕ್ಷರಗಳನ್ನು ಸರಿಯಾಗಿ ಅಚ್ಚುಹಾಕಿಸಲಿ. ತಿದ್ದಿದವನ ಹೆಸರು ಉಳಿಯದೆ ಹೋಗಬಹುದು. ಲೇಪಾಕ್ಷಿಯ ಬ್ರಹ್ಮನನ್ನು ಕಡೆದ ಶಿಲ್ಪಿಯೂ ಮೃದಂಗದ ಮೇಲೆ ಕೈಯನ್ನು ಸರಿಯಾದ ಸ್ಥಾನದಲ್ಲಿರಿಸಿ, ತಾಳವನ್ನು ಬಲ್ಲವನು ಮುಂದೆ ಬರುವನೆಂಬ ನಂಬಿಕೆಯಿಂದಲೇ ಉಳಿಯನ್ನು ಕೆಳಗಿಟ್ಟಿರಬೇಕು.