ಮಂಡಿಯಿಂದ ಎಂಕಾಂವರೆಗೆ

ಲೆಕ್ಕಪತ್ರದ ಉದ್ಯೋಗಕ್ಕೆ ಆನ್‌ಲೈನ್ ಎಂಕಾಂ ಸಾಕೋ, ಕಾಲೇಜಿಗೇ ಹೋಗಬೇಕೋ ಎಂದು ಮಕ್ಕಳು ನನ್ನನ್ನು ಕೇಳುತ್ತಾರೆ. ಈ ಪ್ರಶ್ನೆಗೆ ನಮ್ಮಲ್ಲಿ ಅರ್ಧ ಶತಮಾನದ ಚರಿತ್ರೆಯಿದೆ.

ನಮ್ಮ ತಂದೆ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಗುಮಾಸ್ತರು. ಕಿರ್ದಿ, ಖಾತೆ ಬರೆಯುವುದನ್ನು ಹಿರಿಯ ಗುಮಾಸ್ತರ ಪಕ್ಕ ಕೂತೇ ಕಲಿತವರು. ಅಂಥವರಿಗೂ ಪದವಿಯ ಬಾಗಿಲು ತೆರೆದದ್ದು 1969ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಶಿಕ್ಷಣ ಆರಂಭಿಸಿದಾಗ. 1996ರಲ್ಲಿ ಆ ಅಂಚೆ ಶಿಕ್ಷಣ ವ್ಯವಸ್ಥೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಾನು ಎಂಕಾಂ ಓದಿದ್ದು ಅಲ್ಲೇ: ಹಗಲು ಆಡಿಟರ ಕಚೇರಿಯಲ್ಲಿ ವೋಚರು ತಾಳೆ ನೋಡುವುದು, ರಾತ್ರಿ ಪಾಠದ ಪುಸ್ತಕ, ರಜೆಯಲ್ಲಿ ಸಂಪರ್ಕ ತರಗತಿ.

1949ರ ಕಾಯ್ದೆಯಿಂದ ಹುಟ್ಟಿದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯೂ ಕೆಲಸದ ತರಬೇತಿಯನ್ನು ಕಡ್ಡಾಯ ಮಾಡಿದೆ. ನಮ್ಮ ವೃತ್ತಿ ಓದನ್ನೂ ದುಡಿಮೆಯನ್ನೂ ಎಂದೂ ಬೇರೆ ಮಾಡಿಲ್ಲ.

ಆದರೆ ಮಾನ್ಯತೆ ಮುಖ್ಯ. ಮುಕ್ತ ವಿಶ್ವವಿದ್ಯಾನಿಲಯಕ್ಕೆ ಕೆಲವು ವರ್ಷ ಯುಜಿಸಿ ಮಾನ್ಯತೆ ಇಲ್ಲದೆ ಹೋಗಿ, 2018ರಲ್ಲಿ ಮತ್ತೆ ಸಿಕ್ಕಿತು. ನಡುವೆ ತೊಳಲಾಡಿದವರು ವಿದ್ಯಾರ್ಥಿಗಳು. 2020ರ ಯುಜಿಸಿ ನಿಯಮಗಳ ಪ್ರಕಾರ, ಅನುಮತಿ ಪಡೆದ ಆನ್‌ಲೈನ್ ಪದವಿ ತರಗತಿಯ ಪದವಿಗೆ ಸಮಾನ.

ಹಾಗಾಗಿ ನನ್ನ ಮಾತು ಇಷ್ಟೇ: ಕೆಲಸದಲ್ಲಿರುವವರು ಆನ್‌ಲೈನ್ ಆರಿಸಿಕೊಳ್ಳಲಿ, ಮೊದಲು ಯುಜಿಸಿ ಪಟ್ಟಿ ನೋಡಲಿ. ಇನ್ನೂ ಲೆಡ್ಜರು ಮುಟ್ಟದವರು ಮೇಷ್ಟ್ರ ಎದುರು ಕೂರಲಿ. ತಪ್ಪು ನಮೂದನ್ನು ಆಗಲೇ ತಿದ್ದುವವರು ಅವರಿಗೆ ಬೇಕು.