ಪದ ಪರಿಚಯ: ಹೊಣೆಗಾರಿಕೆ ವಿಮೆ

ಎರಡು ಬೇರೆ ಬೇರೆ ಕುಲದ ಪದಗಳು ಇಲ್ಲಿ ಕೂಡಿವೆ. ‘ಹೊಣೆ’ ಅಚ್ಚಗನ್ನಡ, ಹಳಗನ್ನಡದ ‘ಪೊಣೆ’ಯ ಪಕಾರ ಹಕಾರವಾಗಿ ಬಂದದ್ದು. ಹಳೆಯ ಅರ್ಥ ಜಾಮೀನು, ಅಂದರೆ ಇನ್ನೊಬ್ಬನ ಸಲುವಾಗಿ ತಾನು ಕಟ್ಟುಬೀಳುವುದು. ತಮಿಳಿನ ‘ಪುಣೈ’ ಇದರ ದಾಯಾದಿ. ‘ವಿಮೆ’ ಹೊರಗಿನಿಂದ ಬಂದದ್ದು: ಪಾರಸಿಯ ‘ಬೀಮಾ’, ಅದರೊಳಗೆ ಭಯವೆಂಬ ಅರ್ಥದ ‘ಬೀಮ್’. ಮರಾಠಿಯಲ್ಲೂ ಅದು ‘ವಿಮಾ’. ಕಡತಗಳು ಹೊಣೆಯ ಜಾಗದಲ್ಲಿ ‘ಬಾಧ್ಯತೆ’ಯನ್ನು ಕೂರಿಸುವುದುಂಟು, ಯಾಕೋ ಕಾಣೆ.

ಭೋಪಾಲ್ ದುರಂತದ ಬಳಿಕ, 1991ರಲ್ಲಿ ಬಂದ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ, ತಮ್ಮಿಂದ ಇತರರಿಗಾಗುವ ಹಾನಿಯನ್ನು ತುಂಬಿಕೊಡುವ ಇಂಥ ವಿಮೆಯನ್ನು ಕಡ್ಡಾಯ ಮಾಡಿತು.

ಸಣ್ಣ ಗುತ್ತಿಗೆದಾರರಿಗೂ ಹೊಣೆಗಾರಿಕೆ ವಿಮೆ ಬೇಕಾಗುತ್ತದೆ. ಸಾರವೆಯಿಂದ ಬಣ್ಣದ ಡಬ್ಬ ಜಾರಿ ಪಕ್ಕದ ಮನೆಯವರ ಕಾರಿನ ಗಾಜು ಒಡೆಯಿತು ಅನ್ನಿ. ನಷ್ಟ ತುಂಬಿಕೊಡುವ ಹಣವನ್ನೂ, ಕೋರ್ಟಿಗೆ ಹೋದರೆ ವಕೀಲರ ಖರ್ಚನ್ನೂ ಪಾಲಿಸಿಯ ಮಿತಿಯೊಳಗೆ ಕಂಪನಿ ಭರಿಸುತ್ತದೆ. ಅದೇ ಡಬ್ಬ ತಮ್ಮ ಕೂಲಿಯಾಳಿನ ತಲೆಗೇ ಬಿದ್ದರೆ ಸಾಮಾನ್ಯವಾಗಿ ಈ ಪಾಲಿಸಿ ನಡೆಯದು. ಅದಕ್ಕೆ ಕಾರ್ಮಿಕ ಪರಿಹಾರದ ವಿಮೆಯೇ ಬೇರೆ. ಬಳಿದ ಬಣ್ಣ ಮಳೆಗಾಲಕ್ಕೇ ಸುಲಿದು ಬಂದರೆ? ಅದು ಕೆಲಸದ ದೋಷ. ಕ್ಲೇಮು ಹಾಕಿದರೂ ದುಡ್ಡು ಹುಟ್ಟುವುದು ಕಷ್ಟ.